ಹನ್ನೊಂದು ಚಾವಿಯ ವಾಡೆ

ಸಾಯಬಣ್ಣ ಆ ಮನೆ ಕೊಂಡದ್ದು ಮನೆಗಾಗಿ ಅಲ್ಲ, ಅದರೊಳಗಿದ್ದ ತೂಗುಮಂಚಕ್ಕಾಗಿ. ನಾಸಿಕದ ಹಳೇ ಪೇಟೆಯ ತಾಂಬಟ ಓಣಿಯಲ್ಲಿ ಅದೊಂದು ಎರಡಂತಸ್ತಿನ ಮುದಿ ವಾಡೆ. ಗೋಡೆ ಉಬ್ಬಿತ್ತು, ಮೆಟ್ಟಿಲು ಅಲುಗಾಡುತ್ತಿತ್ತು, ಜಂತೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಆದರೆ ಪಡಸಾಲೆಯ ದಪ್ಪ ಕಂಬದ ಹಿಂದೆ ಹಿತ್ತಾಳೆ ಸರಪಳಿಗೆ ತೂಗುಬಿದ್ದ ಆ ಸಾಗುವಾನಿ ಮಂಚದ ಮೇಲೆ ಕೂತದ್ದೇ ಕೂತದ್ದು, ಸಾಯಬಣ್ಣನ ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಸಾತಪುರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಯಂತ್ರಗಳ ಗಡಗಡ ಕೇಳಿ ದಣಿದ ಕಿವಿ ಅವನದು. ಆ ಕಿವಿಗೆ ಸರಪಳಿಯ ಕಿರ್... ಕಿರ್... ಜೋಗುಳದ ಹಾಗಿತ್ತು.

ಅಡ್ಡಿ ಒಂದೇ, ಹೆಂಡತಿ ಭುವನೇಶ್ವರಿ. ಅವಳಿಗೆ ಸಂಭಾಜಿನಗರದ ಅಂಚೆ ಕಚೇರಿಯಲ್ಲಿ ಕೆಲಸ, ಅದನ್ನು ಬಿಟ್ಟು ಇಲ್ಲಿ ಬಂದು ನೆಲೆಸುವ ಮಾತಾಗಿತ್ತು. "ಹಳೇ ಮನಿ ನನಗ ಆಗಂಗಿಲ್ರೀ. ಒಮ್ಮೆ ಬಂದು ನೋಡತೀನಿ. ಮನಸಿಗೆ ಬರಲಿಲ್ಲಂದ್ರ ಸುಮ್ಮ ಮಾರಿಬಿಡಬೇಕು" ಎಂದು ಮಾತು ತಗೊಂಡಿದ್ದಳು. ಯಾಕೆ ಆಗುವುದಿಲ್ಲ ಎಂದು ಈ ಪುಣ್ಯಾತ್ಮ ಕೇಳಲಿಲ್ಲ. ಧೂಳು, ಕಸ ಇರಬೇಕು ಎಂದುಕೊಂಡ.

ಅವಳು ಬರುವ ದಿನ ರಜೆ ಹಾಕಿ, ಬೆಳಿಗ್ಗೆಯೇ ಕಸಬರಿಗೆ ಹಿಡಿದ. ಅರ್ಧ ಗಂಟೆ ಗುಡಿಸಿದ, ಒಂದು ಗಂಟೆ ತೂಗಿದ. ಕಿಟಕಿಯ ಕೆತ್ತನೆಯಿಂದ ಬಿಸಿಲು ಚೂರುಚೂರಾಗಿ ನೆಲಕ್ಕೆ ಬಿದ್ದಿತ್ತು, ಓಣಿಯ ಕೊನೆಯಲ್ಲಿ ಯಾರೋ ತಾಮ್ರದ ಹಂಡೆ ಬಡಿಯುತ್ತಿದ್ದರು. ಆ ಜೊಂಪಿನಲ್ಲಿ ಬಾಗಿಲ ಬಳಿ ಯಾರೋ ಬಂದು ಹೋದ ಹಾಗಾಯಿತು. ಕನಸು ಇರಬೇಕು ಎಂದು ಮಗ್ಗುಲಾದ.

ಮಧ್ಯಾಹ್ನ ಭಂಗಾರದ, ಅಂದರೆ ಗುಜರಿ ಸಾಮಾನಿನ, ಗಾಡಿಯವನು ಕೂಗುತ್ತಾ ಬಂದ. ಸಾಯಬಣ್ಣ ಧಡಕ್ಕನೆ ಎದ್ದು ತುಕ್ಕು ಹಿಡಿದ ಕಬ್ಬಿಣವನ್ನೆಲ್ಲ ಬುಟ್ಟಿಗೆ ತುಂಬಿದ. ಬಾಗಿಲ ಪಕ್ಕದ ಗೂಟಗಳಲ್ಲಿ ಹನ್ನೊಂದು ಕೀಲಿಕೈ ನೇತಾಡುತ್ತಿದ್ದವು. ಹಳೇ ಮಾಲೀಕ ಬಿಟ್ಟುಹೋದ ಕಸ ಎಂದು ಅವನ್ನೂ ಸುರಿದು ಕೈ ತೊಳೆದುಕೊಂಡ.

ಗಾಡಿ ಹೋಗಿ ಸ್ವಲ್ಪ ಹೊತ್ತಿಗೆ ಎದುರುಮನೆಯ ಕಾಶಿಬಾಯಿ ಒಳಗೆ ಬಂದಳು. ಅಕ್ಕಲಕೋಟೆ ಕಡೆಯಿಂದ ಈ ಓಣಿಗೆ ಸೊಸೆಯಾಗಿ ಬಂದ ಮುದುಕಿ, ಕನ್ನಡ ಮರೆತಿರಲಿಲ್ಲ.

"ತಮ್ಮಾ, ಗೂಟದಾಗಿನ ಚಾವಿ ಎಲ್ಲಿ?"

"ಆ ಹಳೇ ಕಬ್ಬಿಣ? ಭಂಗಾರಕ್ಕ ಹಾಕಿದೆ ನೋಡ್ರಿ."

"ಅಯ್ಯ ನಿನ್ನ! ಓಣಿ ಮಂದಿ ಚಾವಿ ಅವು! ಕೆಲಸಕ್ಕ ಹೋಗೋವಾಗ ಎಲ್ಲಾರೂ ಈ ವಾಡೇಕ ತೂಗಹಾಕಿ ಹೋಗತಾರ, ಮನಿ ಮಂದಿಯಾಗ ಯಾರು ಮೊದಲು ಬರತಾರೋ ಅವರು ತಗೋತಾರ. ಇವತ್ತ ಮುಂಜಾನೆನೂ ಹಾಕಿ ಹೋದ್ರು. ನೀ ಗೊರಕಿ ಹೊಡಿಯಾಕತ್ತಿದ್ದಿ."

ಸಾಯಬಣ್ಣ ಓಣಿಗೆ ಓಡಿ ನೋಡಿದ, ಗಾಡಿ ಕಾಣಲಿಲ್ಲ. ಅಷ್ಟರಲ್ಲಿ ಶಾಲೆ ಮುಗಿಸಿ ನೀರಜಾ ಟೀಚರ್ ಬಂದಳು, ಶಿಫ್ಟ್ ಮುಗಿಸಿ ಯಶವಂತ ಬಂದ. ಅವರ ಹಿಂದೆ ಗುಜರಾತಿ ಸಂಸಾರ, ಮೂಲೆಮನೆಯ ಟೇಲರ್ ಚಾಚಾ, ಅವರವರ ಮಕ್ಕಳು. ಗೂಟ ನೋಡಿದರು, ಸಾಯಬಣ್ಣನನ್ನು ನೋಡಿದರು. ಮನೆಗೆ ಹೋಗುವ ದಾರಿ ಇಲ್ಲದೆ ಪಡಸಾಲೆಯಲ್ಲೇ ಕುಕ್ಕರಿಸಿದರು. ಯಾರೋ ಒಲೆ ಹಚ್ಚಿ ಚಹಾಕ್ಕಿಟ್ಟರು. ಕಾಶಿಬಾಯಿ ಸೀದಾ ತೂಗುಮಂಚ ಹತ್ತಿ ಕೂತಳು.

ಆಗಲೇ ಫೋನು ಬಂತು. "ರೀ, ವೈಜಾಪುರ ದಾಟ್ಯದ ಬಸ್ಸು. ಇನ್ನೆರಡು ತಾಸಿಗೆ ಬರತೀನಿ."

ಈ ಸಂತೆ ನೋಡಿದರೆ ಅವಳು ಹೊಸ್ತಿಲಲ್ಲೇ ಮನೆ ಮಾರಿಸುತ್ತಾಳೆ! ಸಾಯಬಣ್ಣ ಸ್ಕೂಟರ್ ಒದ್ದ. ಗೋದಾವರಿಯ ಸೇತುವೆ ದಾಟಿ ಅಲೆದಲೆದು ಗಾಡಿಯವನನ್ನು ಹಿಡಿದರೆ, "ಎಲ್ಲಾ ಗೋದಾಮಿಗೆ ಹಾಕಿದೆ ಸಾಹೇಬ್" ಎಂದ. ಗೋದಾಮಿನವನು ಗುಡ್ಡದಷ್ಟು ಕಬ್ಬಿಣ ತೋರಿಸಿ, "ಹುಡುಕಿಕೊಳ್ಳಿ" ಎಂದು ಪೇಪರು ಓದತೊಡಗಿದ. ಸಾಯಬಣ್ಣ ತೋಳು ಮಡಚಿ ಗುಡ್ಡಕ್ಕೆ ಬಿದ್ದ. ಹನ್ನೊಂದನೆಯ ಕೀಲಿಕೈ ಸಿಗುವ ಹೊತ್ತಿಗೆ ಬಿಳಿ ಅಂಗಿ ಇದ್ದಿಲಾಗಿತ್ತು, ಬಿಸಿಲು ಇಳಿದಿತ್ತು.

ಏದುಸಿರು ಬಿಡುತ್ತಾ ವಾಡೆಗೆ ಬಂದರೆ ಭುವನೇಶ್ವರಿ ಆಗಲೇ ಓಣಿಯವರ ನಡುಮಧ್ಯೆ ಕೂತಿದ್ದಳು. ಕೈಯಲ್ಲಿ ಚಹಾ, ಮಡಿಲಲ್ಲಿ ಯಾರದೋ ಕೂಸು. ಸಾಯಬಣ್ಣ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ.

"ರೀ, ಎಂಥಾ ಚಂದ ಮನಿ!" ಎಂದಳು ಅವಳು. "ಹಳೇ ಮನಿ ಅಂದ್ರ ಬಿಕೋ ಅಂತಿರತದ ಅಂತ ಅಂಜಿದ್ದೆ. ಇಲ್ಲಿ ನೋಡಿದ್ರ ನಮ್ಮ ಆಳಂದದ ತವರುಮನಿ ನೋಡಿದಂಗ ಆತು."

ಸಾಯಬಣ್ಣನಿಗೆ ಆಕಾಶ ಮೂರೇ ಗೇಣು. ಆ ಹಿಗ್ಗಿನಲ್ಲಿ ಕೀಲಿಕೈಗಳ ಚೀಲ ಸುರಿದು, "ಎಲ್ಲಾ ಸಿಕ್ಕಾವ್ರಿ! ತಗೋರಿ!" ಎಂದ.

ಹೋ ಎಂದು ಎಲ್ಲರೂ ಎದ್ದರು. ತಮ್ಮ ತಮ್ಮ ಕೀಲಿಕೈ ಆರಿಸಿಕೊಂಡರು, ಕೂಸನ್ನೂ ಎತ್ತಿಕೊಂಡರು. ಐದೇ ನಿಮಿಷ. ಹನ್ನೊಂದೂ ಖಾಲಿ, ಮನೆಯೂ ಖಾಲಿ. ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿಯಿತು. ಉಬ್ಬಿದ ಗೋಡೆ ಈಗ ಕಣ್ಣಿಗೆ ಬಿತ್ತು.

ಭುವನೇಶ್ವರಿಯ ಮುಖ ಇಳಿದುಹೋಯಿತು. "ಇಷ್ಟು ದೊಡ್ಡ ಮನಿಯಾಗ ನಾವಿಬ್ಬರೇ ಏನ್ರೀ? ನೀವು ಕಾರ್ಖಾನೆಗೆ ಹೋದ್ರ ನಾ ಒಬ್ಬಾಕಿ? ಬ್ಯಾಡ್ರಿ, ಮಾರಿಬಿಡೋಣು."

ಸಾಯಬಣ್ಣ ಬರಿ ಚೀಲ ಹಿಡಿದು ನಿಂತ. ಗೋದಾಮಿನಲ್ಲಿ ಒಂದು ಚಾವಿಯಾದರೂ ಕಳೆದುಹೋಗಬಾರದಿತ್ತೇ ಎಂದುಕೊಂಡ.

ಆಗ ಕಂಬದ ಹಿಂದಿನಿಂದ ಕಿರ್... ಕಿರ್... ಕಾಶಿಬಾಯಿ ಸೆರಗು ಹೊದ್ದು ತೂಗುಮಂಚದಲ್ಲಿ ಮಲಗಿದ್ದಳು.

"ಅಜ್ಜೀ, ನಿಮ್ಮ ಚಾವಿ ಸಿಗಲಿಲ್ಲೇನ್ರಿ?" ಸಾಯಬಣ್ಣ ಆಸೆಯಿಂದ ಕೇಳಿದ.

"ನಂದೆಲ್ಲಿ ಚಾವಿ ತಮ್ಮಾ? ನಮ್ಮ ಮನಿಗೆ ಕೀಲಿನೇ ಇಲ್ಲ. ಮೂವತ್ತು ವರ್ಷ ಆತು, ಮಧ್ಯಾಹ್ನ ಉಂಡಮ್ಯಾಲ ನಾ ಮಲಗೋದು ಈ ಮಂಚದಾಗ. ಇವತ್ತ ನಿನ್ನ ಗದ್ದಲದಾಗ ತಡಾ ಆತು, ಅಷ್ಟ."

"ದಿನಾ ಬರತೀರೇನ್ರಿ?" ಭುವನೇಶ್ವರಿಯ ಮುಖ ಮತ್ತೆ ಅರಳಿತು.

"ದಿನಾ. ಇನ್ನ ನೀವು ಬಂದೀರಿ ಅಂತ ಬಿಡಬೇಕೇನು?"

"ಬಿಡಬ್ಯಾಡ್ರಿ ಅಜ್ಜೀ! ರೀ, ಮನಿ ಇರಲಿ. ಆದ್ರ ತೂಗುಮಂಚ ಅಜ್ಜೀದು. ನೀವು ಅದರ ಕಡೆ ಹೋಗಂಗಿಲ್ಲ."

ಸಾಯಬಣ್ಣ ಕಂಬದ ಬುಡದಲ್ಲಿ ಪೇಪರು ಹಾಸಿ, ತೋಳನ್ನೇ ದಿಂಬು ಮಾಡಿ ಉರುಳಿಕೊಂಡ. ಮೇಲೆ ಸರಪಳಿ ಅವನು ಕನಸು ಕಂಡಿದ್ದ ಹಾಗೆಯೇ ಕಿರ್... ಕಿರ್... ಎನ್ನುತ್ತಿತ್ತು. ಜೊತೆಗೆ ಕಾಶಿಬಾಯಿಯ ಗೊರಕೆಯೂ ಇತ್ತು.