ಕಿತ್ತಳೆ ಅಸ್ತರಿಲ್ಲದ ಜಾಕೆಟ್ಟು

ಆ ಶುಕ್ರವಾರ ಸಂಜೆ ಐದು ಐವತ್ತರವರೆಗೆ ನನಗೆ ಫ್ಯಾಷನ್ನಿನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಯಾರು ಏನನ್ನಾದರೂ ತೊಡಲಿ, ಇಸ್ತ್ರಿ ಮಾಡುವ ಕೆಲಸ ನನಗೆ ಬರದಿದ್ದರೆ ಸಾಕು ಎನ್ನುವ ಉದಾರಿ ನಾನು. ಐದು ಐವತ್ತಕ್ಕೆ, ಡಾಲಸ್‌ನಿಂದ ಹೂಸ್ಟನ್‌ಗೆ ಹೋಗುವ ಹೆದ್ದಾರಿಯಲ್ಲಿ, ನಮ್ಮ ಕಾರಿನ ಎಡಗಡೆಯ ಹಿಂದಿನ ಟೈರು ಢಂ ಎಂದಿತು.

ಗೆಳತಿಯ ಗೃಹಪ್ರವೇಶಕ್ಕೆ ಹೊರಟಿದ್ದೆವು. ಜನವರಿಯ ಮೋಡ, ಬೆಳಕು ಆಗಲೇ ಇಳಿದಿತ್ತು. ನನ್ನ ಗಂಡ ಮೋಹನ್ ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ, ಲಾರಿಗಳು ಹಾಯುವ ಕಡೆಗೇ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತರು. ಮೈಮೇಲೆ ಹೊಸ ಬಾಂಬರ್ ಜಾಕೆಟ್ಟು. ಹೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಅವರ ಆಫೀಸಿನಲ್ಲಿ ಹುಡುಗರೆಲ್ಲ ತೊಡುತ್ತಾರೆಂದು ಐವತ್ತರ ಹತ್ತಿರದ ಈ ಮನುಷ್ಯ ಕೊಂಡದ್ದು. ಪಾಚಿ ಹಸಿರು. ರಸ್ತೆ, ಹುಲ್ಲು, ಮುಸ್ಸಂಜೆ, ಗಂಡ ಎಲ್ಲ ಒಂದೇ ಬಣ್ಣವಾದವು. ದೊಡ್ಡ ಲಾರಿಯೊಂದು ಕೊನೆಯ ಗಳಿಗೆಯಲ್ಲಿ ಅವರನ್ನು ಕಂಡು, ಹೊರಳಿ, ಹಾರ್ನ್ ಕಿರುಚಿಸಿಕೊಂಡು ಹೋಯಿತು. ಅದರ ಗಾಳಿಗೆ ಜಾಕೆಟ್ಟು ಬಲೂನಿನಂತೆ ಉಬ್ಬಿ ಇಳಿದದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ.

"ರೀ, ಅದನ್ನ ಬಿಚ್ಚಿ ಒಳಗಿನದು ಹೊರಗೆ ಮಾಡಿ ಹಾಕ್ಕೊಳ್ಳಿ. ಮಗಳ ಹಳೇ ಜಾಕೆಟ್ಟಲ್ಲಿ ಒಳಗೆ ಕಿತ್ತಳೆ ಬಣ್ಣ ಇದೆಯಲ್ಲ" ಎಂದೆ.

"ಇದರ ಒಳಗೂ ಕಪ್ಪು ಕಣೇ. ಆಫೀಸಿಗೆ ಡೀಸೆಂಟಾಗಿರುತ್ತೆ ಅಂತ."

ಡೀಸೆಂಟು. ರಟ್ಟೆ ಹಿಡಿದು ಹುಲ್ಲಿಗೆ ಎಳೆದುಕೊಂಡೆ. ಸಹಾಯದ ಗಾಡಿಗೆ ಫೋನ್ ಮಾಡಿಸಿ, ಅರಿಶಿನ ಕುಂಕುಮದ ಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಒಂದು ರವಿಕೆ ಕಣ. ಕಣ್ಣು ಕುಕ್ಕುವ ಕಿತ್ತಳೆ, ಜರಿಯಂಚು. ಡಾಲಸ್ ಪಕ್ಕದ ನಮ್ಮೂರು ಮರ್ಫಿಯ ಕನ್ನಡ ಮನೆಗಳಲ್ಲಿ ಆ ಕಣವನ್ನು ಅರಿಯದವರಿಲ್ಲ. ನಾನು ಕೊಟ್ಟದ್ದು ಮೂರು ಮನೆ ಸುತ್ತಿ, ವರಮಹಾಲಕ್ಷ್ಮಿಗೆ ನನಗೇ ವಾಪಸು ಬಂದಿತ್ತು. ಹೊಲಿಸಿಕೊಳ್ಳುವ ಧೈರ್ಯ ಯಾರಿಗೂ ಆಗಿರಲಿಲ್ಲ. ಹುಲ್ಲಿನ ಮೇಲೆಯೇ ಕಾರಿನ ಹಿಂದಕ್ಕೆ ದೂರ ನಡೆದು ಅದನ್ನು ಬೀಸಿದೆ. ಲಾರಿಗಳು ಒಂದೊಂದಾಗಿ ಪಕ್ಕದ ಲೇನಿಗೆ ಸರಿದವು.

ಗೃಹಪ್ರವೇಶ ಮುಗಿಸಿ ಬಂದ ಮೇಲೆ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಜಾಕೆಟ್ಟು ಉಬ್ಬುತ್ತಿತ್ತು. ಅವರು ಪ್ರತಿ ಸೋಮವಾರ ಅದೇ ರಸ್ತೆಯಲ್ಲಿ ಹೂಸ್ಟನ್‌ಗೆ ಹೋಗಿ ಗುರುವಾರ ಮರಳುವವರು ಬೇರೆ. ಎದ್ದು ಕೂತು ಆ ಜಾಕೆಟ್ಟಿನ ಚರಿತ್ರೆ ಓದಿದೆ, ಓದಿದಷ್ಟೂ ಉರಿಯಿತು. ಯುದ್ಧವಿಮಾನದವರಿಗೆಂದು ಮಾಡಿದ ಬಟ್ಟೆ ಅದು. ಚಳಿಗಾಳಿ ನುಗ್ಗದಿರಲೆಂದು ಸೊಂಟಕ್ಕೂ ಮಣಿಕಟ್ಟಿಗೂ ಹೆಣೆದ ಪಟ್ಟಿ. ಪ್ಯಾರಾಚೂಟಿನ ಪಟ್ಟಿಗೆ ತೊಡಕಾಗದಿರಲೆಂದು ದಪ್ಪ ಕಾಲರಿಲ್ಲ. ವಿಮಾನ ಬಿದ್ದರೆ ತಿರುಗಿಸಿ ತೊಟ್ಟುಕೊಂಡು, ಹುಡುಕಿ ಬಂದವರ ಕಣ್ಣಿಗೆ ಬೀಳಲೆಂದು ಕಿತ್ತಳೆ ಅಸ್ತರು. ಸೈನ್ಯಕ್ಕೆ ಬೇಡವಾದದ್ದು ಅಗ್ಗದ ಅಂಗಡಿಗೆ ಬಂತು, ಅಲ್ಲಿಂದ ಬೀದಿಯ ಹುಡುಗರ ಮೈಗೆ, ಹಾಡುವವರ ಮೈಗೆ, ಕೊನೆಗೆ ದೊಡ್ಡ ಮಳಿಗೆಯ ಗಾಜಿನೊಳಕ್ಕೆ. ಇಷ್ಟು ದೂರ ಬರುವಾಗ ತೋಳಿನ ಪೆನ್ನಿನ ಜೇಬನ್ನು ಜೋಪಾನ ಮಾಡಿದ್ದಾರೆ. ತೋಳಿನಿಂದ ಪೆನ್ನು ತೆಗೆದು ನನ್ನ ಗಂಡ ಯಾವ ಆಕಾಶದಲ್ಲಿ ಏನು ಬರೆಯಬೇಕಿತ್ತೋ ಕಾಣೆ. ಪ್ರಾಣ ಉಳಿಸುವ ಅಸ್ತರು ಮಾತ್ರ ಡೀಸೆಂಟಲ್ಲವೆಂದು ಕಿತ್ತುಹಾಕಿದ್ದಾರೆ.

ಭಾನುವಾರ ಮಧ್ಯಾಹ್ನ ಸೂಜಿದಾರ ಹಿಡಿದು ಕೂತು, ಆ ರವಿಕೆ ಕಣವನ್ನು ಜಾಕೆಟ್ಟಿನ ಒಳಬೆನ್ನಿಗೆ ಹೊಲಿದೆ. ಜರಿಯಂಚು ಸೊಂಟಕ್ಕೆ ಬಂತು. ಆಸ್ಟಿನ್‌ನಲ್ಲಿ ಓದುವ ಮಗಳು ವೀಡಿಯೊ ಕಾಲ್‌ನಲ್ಲಿ ನೋಡಿ, "ಅಮ್ಮಾ, ಅಪ್ಪ ವಿಲ್ ನೆವರ್ ವೇರ್ ದಿಸ್" ಎಂದಳು. ಅಪ್ಪನೂ ಹೆಚ್ಚುಕಡಿಮೆ ಅದನ್ನೇ ಅಂದರು: "ದಾರೀಲಿ ಕಾರು ನಿಂತರೆ ತಿರುಗಿಸಿ ಹಾಕ್ಕೋತೀನಿ. ಸುಮ್ಮಸುಮ್ಮನೆ ಅಲ್ಲ." ಕಾರು ನಿಂತಾಗ ಇವರಿಗೆ ಜ್ಞಾಪಕ ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ಸೋಮವಾರ ರಾತ್ರಿಯೂ ನಿದ್ದೆಯಿಲ್ಲ. ಮಂಗಳವಾರ, ಬುಧವಾರವೂ ಇಲ್ಲ.

ಗುರುವಾರ ಸಂಜೆ ಗ್ಯಾರೇಜಿನ ಬಾಗಿಲು ತೆರೆಯಿತು. ಕಾರಿನಿಂದ ಇಳಿದವರ ಬೆನ್ನ ತುಂಬ ಕಿತ್ತಳೆ, ಸೊಂಟಕ್ಕೆ ಜರಿ.

"ಕಾರು ಕೆಟ್ಟಿತಾ?" ಗಾಬರಿಯಿಂದ ಕೇಳಿದೆ.

"ಇಲ್ಲ ಕಣೇ. ಆಫೀಸಲ್ಲಿ ಕುರ್ಚಿ ಮೇಲೆ ಹಾಕಿದ್ದೆ, ಹುಡುಗರು ಒಳಗಿನದು ನೋಡಿಬಿಟ್ಟರು. ಯಾವ ಡಿಸೈನರ್ ಅಂತ ಕೇಳಿದ್ರು. ಮೂರು ದಿನದಿಂದ ಹೀಗೇ ಹಾಕ್ಕೊಂಡಿದೀನಿ."

ಲಾರಿ ಕಲಿಸದ ಬುದ್ಧಿಯನ್ನು ಆ ಹುಡುಗರ ಒಂದು ಹೊಗಳಿಕೆ ಕಲಿಸಿತ್ತು. ನಾನು ವಾರವಿಡೀ ಶಪಿಸಿದ ಫ್ಯಾಷನ್ನು ನನ್ನ ಗಂಡನನ್ನು ಮೈಲಿ ದೂರಕ್ಕೂ ಕಾಣುವಂತೆ ಮಾಡಿ ಮನೆಗೆ ಕಳಿಸಿತ್ತು. ಬೈಯುವುದನ್ನು ಅಲ್ಲಿಗೇ ಬಿಟ್ಟೆ. ಬದಲಿಗೆ, ಹುಡುಗರಿಗೆ ಆ ಡಿಸೈನರ್ ಹೆಸರು ಏನಂತ ಹೇಳಿದಿರಿ ಎಂದು ಎರಡು ಸಲ ಕೇಳಿದೆ. ಆಮೇಲೆ ಕುಂಕುಮದ ಚೀಲ ತೆಗೆದು, ನನ್ನ ಕೋಟಿಗೆ ಹೊಂದುವ ಕಣ ಇದೆಯೇ ಎಂದು ಹುಡುಕುತ್ತ ಸೋಫಾದ ಮೇಲೇ ಒರಗಿದವಳು, ಶುಕ್ರವಾರ ಬೆಳಗಾಗುವವರೆಗೆ ಏಳಲಿಲ್ಲ.