ಬೀರುವಿನ ಖಾಲಿ ಖಾನೆ

ಬೀರುವಿನ ಬಾಗಿಲು ತೆಗೆದಾಗಲೆಲ್ಲ ನಡುವಿನ ಖಾನೆಯಿಂದ ಒಂದು ಮಾತ್ರೆಪಟ್ಟಿಯಾದರೂ ಕಾಲ ಮೇಲೆ ಉದುರುತ್ತಿತ್ತು. ಆ ಸೋಮವಾರ ಬೆಳಿಗ್ಗೆ ಉದುರಿದ್ದು ಕೆಮ್ಮಿನ ಔಷಧಿಯ ಗಾಜಿನ ಬಾಟಲಿ. ಬಾಟಲಿಗೆ ಏನೂ ಆಗಲಿಲ್ಲ. ಲೈಬ್ರರಿ ಸಾರ್ ಅವರ ಹೆಬ್ಬೆರಳು ಮಾತ್ರ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ಗ್ರಂಥಾಲಯದಲ್ಲಿ ಮೂವತ್ತನಾಲ್ಕು ವರ್ಷ ಪುಸ್ತಕ ಕೊಟ್ಟು, ವಾಪಸು ಪಡೆದು, ನಿವೃತ್ತರಾದ ಅವರನ್ನು ಕಟ್ಟಡದ ಹನ್ನೆರಡು ಮನೆಯವರೂ ಕರೆಯುತ್ತಿದ್ದದ್ದು ಹಾಗೆಯೇ. ಹರಿದ ಪುಸ್ತಕಕ್ಕೂ ಅಂಟು ಹಚ್ಚಿ ಕಪಾಟಿಗೆ ಸೇರಿಸಿದ ಕೈ ಅದು; ಉಳಿದ ಮಾತ್ರೆಯನ್ನು ಎಸೆಯಲು ಹೇಗೆ ಮನಸ್ಸು ಬಂದೀತು? ಮಗಳು ಚಿಕ್ಕವಳಿದ್ದಾಗಿನ ಜ್ವರದ ಔಷಧಿಯೂ ಆ ಖಾನೆಯಲ್ಲಿತ್ತು. ಆ ಮಗಳ ಮಗುವಿಗೇ ಈಗ ಹಲ್ಲು ಬಂದಿತ್ತು.

ಹೆಂಡತಿಗೆ ಆ ಖಾನೆ ಬೇಕಾಗಿತ್ತು. ಮರುದಿನದಿಂದ ಅವರು ಮನೆಯಲ್ಲೇ ಹೊಲಿಗೆ ಕಲಿಸುವವರಿದ್ದರು. ಬಟ್ಟೆ, ದಾರದುಂಡೆ ಇಡಲು ಜಾಗವಿರಲಿಲ್ಲ. ಹಳೆಯ ಔಷಧಿಯನ್ನು ಏನು ಮಾಡುವುದೆಂದು ಸಾರ್ ಹಿಂದಿನ ವಾರ ಔಷಧಿ ಅಂಗಡಿಯ ಹುಡುಗಿಯನ್ನು ಕೇಳಿ ಬಂದಿದ್ದರು. ಬಚ್ಚಲಿಗೆ ಸುರಿದರೆ ನೀರು ಕೆಡುತ್ತದೆ, ಕಸಕ್ಕೆ ಹಾಕಿದರೆ ಮಕ್ಕಳ ಕೈಗೋ ನಾಯಿಯ ಬಾಯಿಗೋ ಸಿಗುತ್ತದೆ, ಎರಡೂ ಬೇಡ ಎಂದಿದ್ದಳು ಅವಳು. "ನಿಮ್ಮ ಕಟ್ಟಡದಲ್ಲೇ ಒಂದು ಪೆಟ್ಟಿಗೆ ಇಡಿ ಅಂಕಲ್, ಎಲ್ಲರದ್ದೂ ಒಟ್ಟಿಗೆ ಸೇರ್ಲಿ. ಸುಡೋ ಕಡೆಗೆ ನಾವೇ ಕಳಿಸ್ತೀವಿ. ಸೋಮವಾರ ಸಂಜೆ ಐದಕ್ಕೆ ಬರ್ತೀನಿ" ಎಂದಿದ್ದಳು. ಸಾರ್ ಒಪ್ಪಿಕೊಂಡು ಬಂದಿದ್ದರು.

ಅವರು ಹೆಬ್ಬೆರಳಿಗೆ ತಣ್ಣೀರು ಹಾಕಿಕೊಳ್ಳುತ್ತಿರುವಾಗ, ಒಳಗೆ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ ಹೆಂಡತಿ ಹೊರಗೆ ಬಂದರು. ಮುಖದಲ್ಲಿ ಎಂದೂ ಇಲ್ಲದ ಸೌಮ್ಯಭಾವ.

"ರೀ, ಒಂದು ಮಾತು. ಸಂಜೆ ದೀಪ ಹಾಕೋ ಹೊತ್ತಿಗೆ ಆ ಖಾನೆ ಖಾಲಿ ಇದ್ರೆ, ನಿಮ್ಮ ಮೇಜಿನ ಸುದ್ದಿಗೆ ನಾನು ಇನ್ಯಾವತ್ತೂ ಬರೋಲ್ಲ. ಇಲ್ದಿದ್ರೆ ಮೇಜು ನನಗೆ."

ಕಿಟಕಿ ಪಕ್ಕದ ಆ ಮೇಜೆಂದರೆ ಸಾರ್ ಅವರಿಗೆ ಪ್ರಾಣ. ನಿಂತುಹೋದ ಗಡಿಯಾರಗಳನ್ನು ಬಿಚ್ಚಿ ಹರಡಿಕೊಂಡು ಅವರು ಕೂರುವುದು ಅಲ್ಲಿಯೇ. ಬಿಚ್ಚಿದ ಯಾವ ಗಡಿಯಾರವೂ ಮತ್ತೆ ನಡೆದದ್ದಿಲ್ಲ, ಆ ಮಾತು ಬೇರೆ. ಐದಕ್ಕೆ ಹೇಗೂ ಹುಡುಗಿ ಬರುತ್ತಾಳೆ, ದೀಪ ಹಾಕುವುದು ಆರೂವರೆಗೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ಅವರು ಒಳಗೊಳಗೇ ಹಿಗ್ಗಿ ಪಂದ್ಯಕ್ಕೆ ಒಪ್ಪಿದರು.

ಒಂಬತ್ತಕ್ಕೆಲ್ಲ ಮೆಟ್ಟಿಲ ಬುಡದಲ್ಲಿ ಒಂದು ಸ್ಟೂಲು, ಅದರ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ, ಗೋಡೆಗೆ 'ಬೇಡವಾದ ಔಷಧಿಗಳು' ಎಂಬ ಚೀಟಿ ಸಿದ್ಧವಾದವು. ತಮ್ಮ ಖಾನೆಯದನ್ನೆಲ್ಲ ಮೊದಲು ಸುರಿದರು. ಲೆಕ್ಕವಿಲ್ಲದ ಕೆಲಸ ಅವರಿಗೆ ಆಗಿಬರದು. ಆದ್ದರಿಂದ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ದಾರದಲ್ಲಿ ಪೆನ್ನು ಕಟ್ಟಿ ಪಕ್ಕದಲ್ಲಿಟ್ಟರು. ಮೇಲೆ ಬಂದು ಖಾನೆಯನ್ನು ಒದ್ದೆಬಟ್ಟೆಯಿಂದ ಒರೆಸಿ, ಗಡಿಯಾರಗಳ ಮುಂದೆ ಕೂತರು.

ಹನ್ನೆರಡೂವರೆಗೆ ಕೆಳಗಿಳಿದು ನೋಡಿದರೆ ಪೆಟ್ಟಿಗೆಯಲ್ಲಿ ಒಂದು ಹತ್ತಿಯುಂಡೆ ಬಿಟ್ಟರೆ ಬೇರೇನೂ ಇಲ್ಲ. ಗಾಬರಿಯಿಂದ ರಿಜಿಸ್ಟರು ತೆರೆದರು. ಮೂವತ್ತನಾಲ್ಕು ವರ್ಷ ಎಳೆದ ಗೆರೆಗಳನ್ನೇ ಕೈ ತನ್ನ ಪಾಡಿಗೆ ಎಳೆದುಬಿಟ್ಟಿತ್ತು: ಕೊಟ್ಟವರು, ಪಡೆದವರು, ಹಿಂದಿರುಗಿಸುವ ದಿನ.

ಕಟ್ಟಡದವರು ಶಿಸ್ತಿನ ಜನ. ಕೆಮ್ಮಿನ ಔಷಧಿಯನ್ನು ಎರಡನೇ ಮಹಡಿಯ ಡ್ರೈವಿಂಗ್ ಮೇಷ್ಟ್ರು ಪಡೆದಿದ್ದರು. ಹಿಂದಿರುಗಿಸುವ ದಿನ: ಕೆಮ್ಮು ನಿಂತ ಮೇಲೆ. ಬೆನ್ನುನೋವಿನ ಮುಲಾಮನ್ನು ಸಂಗೀತದ ಟೀಚರು ಒಯ್ದಿದ್ದರು. ಹಿಂದಿರುಗಿಸುವ ದಿನ: ಟ್ಯೂಬು ಖಾಲಿಯಾದಾಗ. ಹೀಗೆ ಹತ್ತೊಂಬತ್ತು ಸಾಲು. ಕೊನೆಯದರಲ್ಲಿ ಮೂರನೇ ಮಹಡಿಯ ಅಜ್ಜಿ ಮಂಡಿನೋವಿನ ಮಾತ್ರೆ ಪಡೆದು, ಹಿಂದಿರುಗಿಸುವ ದಿನದ ಕೆಳಗೆ ನಡುಗುವ ಅಕ್ಷರದಲ್ಲಿ ಬರೆದಿದ್ದರು: ಈ ಜನ್ಮದಲ್ಲಿ ಕಷ್ಟ.

ಆ ಮಾತ್ರೆಯ ಅವಧಿ ಮುಗಿದು ಆರು ವರ್ಷವಾಗಿತ್ತು. ಮೇಜು, ಖಾನೆ, ಪಂದ್ಯ ಎಲ್ಲ ಮರೆತು, ಊದಿದ ಹೆಬ್ಬೆರಳನ್ನೂ ಮರೆತು ಅವರು ಮೆಟ್ಟಿಲು ಹತ್ತಿದರು. ದಾರಿಯಲ್ಲೇ ಡ್ರೈವಿಂಗ್ ಮೇಷ್ಟ್ರ ಬಾಗಿಲು ತೆರೆದಿತ್ತು. ಅವರು ತುಂಬಿದ ಚಮಚವನ್ನು ಬಾಯಿಗೆ ಗೇಣು ದೂರದಲ್ಲಿ ಹಿಡಿದು ನಿಂತಿದ್ದರು.

"ಬ್ರೇಕ್ ಹಾಕಿ ಸಾರ್" ಎಂದರು ಲೈಬ್ರರಿ ಸಾರ್, ಉಸಿರು ಸಿಕ್ಕಿದಷ್ಟರಲ್ಲಿ.

ದಿನವಿಡೀ ಬೇರೆಯವರಿಗೆ ಅದನ್ನೇ ಹೇಳುವ ಮೇಷ್ಟ್ರು ಹೇಳಿಸಿಕೊಂಡದ್ದು ಅದೇ ಮೊದಲು. ಚಮಚ ಗಕ್ಕನೆ ನಿಂತಿತು. ಬಾಟಲಿ ಕಿತ್ತುಕೊಂಡು ಸಾರ್ ಮೇಲಕ್ಕೆ ಓಡಿದರು.

ಅಜ್ಜಿ ಮಾತ್ರೆಯನ್ನೂ ನೀರಿನ ಲೋಟವನ್ನೂ ಎದುರಿಗಿಟ್ಟುಕೊಂಡು ಊಟ ಮಾಡುತ್ತಿದ್ದರು.

"ಅಜ್ಜಿ, ನುಂಗಿದ್ರಾ?"

"ಊಟ ಆದ್ಮೇಲೆ ಅಂತ ಬರ್ದಿದೆಯಪ್ಪ. ಊಟ ಇನ್ನೂ ಮುಗಿದಿಲ್ಲ. ಕೂತ್ಕೋ, ನೀನೂ ಒಂದು ತುತ್ತು ತಿನ್ನು."

ಮಾತ್ರೆ ಹಳತಾಗಿದೆ, ವಿಷವಾದೀತು ಎಂದು ಸಾರ್ ವಿವರಿಸಿದರು. "ಹಳತಾದ್ರೆ ವಿಷ ಅನ್ನೋದಾದ್ರೆ ನನ್ನನ್ನೂ ಆ ಪೆಟ್ಟಿಗೆಗೇ ಹಾಕು" ಎಂದರು ಅಜ್ಜಿ. "ಪುಸ್ತಕ ಒಯ್ದ್ರೆ ಹದಿನೈದು ದಿನ ಕೊಡ್ತಿದ್ದೆ. ಮಾತ್ರೆಗೆ ಹದಿನೈದು ನಿಮಿಷ ಕೊಡೋಲ್ವಾ?"

ಸಂಜೆ ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹೊಸ ಮಾತ್ರೆ ಬರೆಸಿಕೊಡುವೆನೆಂದು ಮಾತು ಕೊಟ್ಟ ಮೇಲೆಯೇ ಅಜ್ಜಿ ಪಟ್ಟಿಯನ್ನು ಬಿಟ್ಟುಕೊಟ್ಟದ್ದು. ಅಷ್ಟಕ್ಕೆ ಮುಗಿಯಲಿಲ್ಲ. "ಬಂದವನು ಬರಿಗೈಲಿ ಹೋಗ್ಬೇಡ" ಎಂದು ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ಕೊಟ್ಟರು. ಅದರಲ್ಲಿ ತೀರಿಹೋದ ಯಜಮಾನರ ಔಷಧಿಗಳೆಲ್ಲ ಇದ್ದವು. "ಎಸೆಯೋಕೆ ಮನಸ್ಸಾಗಿರ್ಲಿಲ್ಲ. ನೀನಾದ್ರೆ ಮರ್ಯಾದೆಯಿಂದ ಕಳಿಸ್ತೀಯ." ಸಾರ್ ಆ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಉಳಿದ ಮನೆಗಳಲ್ಲೂ ಅದೇ ಕತೆ. ಒಯ್ದದ್ದನ್ನು ಕೊಡುವಾಗ ಎಲ್ಲರೂ ಹೇಗೂ ಬಂದಿದ್ದೀರಲ್ಲ ಎಂದು ತಮ್ಮ ಮನೆಯದನ್ನೂ ಸೇರಿಸಿದರು. ಸಂಗೀತದ ಟೀಚರಂತೂ ಗಂಟಲಿಗೆಂದು ಇಪ್ಪತ್ತು ವರ್ಷದಿಂದ ಕೂಡಿಟ್ಟ ಬಾಟಲಿಗಳನ್ನು ಶ್ರುತಿ ಮಾಡಿದಂತೆ ಎತ್ತರಕ್ಕನುಗುಣವಾಗಿ ಜೋಡಿಸಿ ಕೊಟ್ಟರು. ಯಾರೂ ಏನನ್ನೂ ನುಂಗಿರಲಿಲ್ಲ, ಅದೇ ಪುಣ್ಯ. ನಾಲ್ಕೂಮುಕ್ಕಾಲಿಗೆ ಹತ್ತೊಂಬತ್ತು ಸಾಲಿನ ಮುಂದೆಯೂ 'ವಾಪಸು' ಎಂದು ಬರೆದಾಗ ಪೆಟ್ಟಿಗೆ ದಿನ ತುಂಬಿದ ಬಸುರಿಯಂತೆ ಉಬ್ಬಿತ್ತು.

ಐದಕ್ಕೆ ಸರಿಯಾಗಿ ಔಷಧಿ ಅಂಗಡಿಯ ಹುಡುಗಿ ಸ್ಕೂಟರಿನಲ್ಲಿ ಬಂದಳು. ಪೆಟ್ಟಿಗೆಗೆ ಅಗಲವಾದ ಟೇಪು ಸುತ್ತಿ, ಅಂಗಡಿಯ ಮುದ್ರೆ ಒತ್ತಿ, ಇಷ್ಟು ಚೆನ್ನಾಗಿ ಯಾವ ಕಟ್ಟಡದವರೂ ಮಾಡಿಲ್ಲವೆಂದು ಹೊಗಳಿ, ಮತ್ತೆ ಸ್ಕೂಟರು ಹತ್ತಿದಳು.

"ಪೆಟ್ಟಿಗೆ?" ಎಂದರು ಸಾರ್.

"ಸುಡೋ ಕಡೆಗೆ ಒಯ್ಯೋ ಗಾಡಿ ಮೂರು ತಿಂಗಳಿಗೊಂದ್ಸಲ ಬರೋದು ಅಂಕಲ್. ಇವತ್ತು ಸೀಲ್ ಮಾಡೋದಷ್ಟೇ. ಅಲ್ಲೀತನಕ ಬೀಗ ಇರೋ ಜಾಗದಲ್ಲಿ, ಬಿಸಿಲು ಬೀಳದ ಹಾಗೆ ಜೋಪಾನವಾಗಿಡಿ. ಆಂಟಿ ಬೆಳಿಗ್ಗೆ ಫೋನ್ ಮಾಡಿದಾಗ ಎಲ್ಲ ಹೇಳಿದ್ನಲ್ಲ. ನಿಮ್ಮ ಬೀರುವಿನಲ್ಲೇ ಒಂದು ಖಾನೆ ಖಾಲಿ ಮಾಡಿಸ್ತೀನಿ ಅಂದ್ರು."

ಪೆಟ್ಟಿಗೆ ನೋಡಲು ನೆರೆದಿದ್ದ ಕಟ್ಟಡದವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಡತಿಯ ಬೆಳಗಿನ ಆ ಸೌಮ್ಯ ಮುಖ ಸಾರ್ ಕಣ್ಣ ಮುಂದೆ ಬಂದು ನಿಂತಿತು. ಡ್ರೈವಿಂಗ್ ಮೇಷ್ಟ್ರು ಪೆಟ್ಟಿಗೆಯ ಒಂದು ತುದಿ ಹಿಡಿದರು, ಸಾರ್ ಇನ್ನೊಂದು. ಒರೆಸಿ ಫಳಫಳ ಹೊಳೆಯುತ್ತಿದ್ದ ಖಾನೆಯೊಳಗೆ ಪೆಟ್ಟಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಕಿಟಕಿ ಪಕ್ಕದ ಮೇಜಿನ ಮೇಲೆ ಹೊಲಿಗೆಯಂತ್ರ ಆಗಲೇ ಏರಿ ಕೂತಿತ್ತು. ಗಡಿಯಾರಗಳೆಲ್ಲ ಬಟ್ಟೆ ಹಾಸಿದ ಬುಟ್ಟಿಯೊಂದರಲ್ಲಿ ಮೊಟ್ಟೆಗಳಂತೆ ಜೋಪಾನವಾಗಿದ್ದವು.

"ಒಂಬತ್ತರಿಂದ ಐದರವರೆಗೆ ಖಾಲಿಯಾಗೇ ಇತ್ತು ಕಣೇ" ಎಂದರು ಸಾರ್.

"ಬೆಳಿಗ್ಗೆ ಹೋದ ಪುಸ್ತಕ ಸಂಜೆ ವಾಪಸ್ ಬಂದ್ರೆ, ಹೋಯ್ತು ಅಂತ ಬರೀತಿದ್ರಾ, ಇದೆ ಅಂತ ಬರೀತಿದ್ರಾ?" ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಕೇಳಿದರು. "ಇಲ್ಲಿ ಬೆಳಕು ಚೆನ್ನಾಗಿದೆ ರೀ. ಬೇಗ ಮುಖ ತೊಳ್ಕೊಳ್ಳಿ, ಅಜ್ಜಿ ಡಾಕ್ಟರ ಹತ್ರ ಹೋಗೋಕೆ ಚಪ್ಪಲಿ ಹಾಕ್ಕೊಂಡು ಕೂತಿದ್ದಾರೆ."

ಬೀರುವಿಗೆ ಬೀಗ ಹಾಕಿ ಸಾರ್, ಹೆಂಡತಿ ಆಗಲೇ ಮೇಲೆ ತಂದಿಟ್ಟಿದ್ದ ರಿಜಿಸ್ಟರನ್ನು ಕೈಗೆತ್ತಿಕೊಂಡರು. 'ಈ ಜನ್ಮದಲ್ಲಿ ಕಷ್ಟ' ಎಂದಿದ್ದ ಅಜ್ಜಿಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿತ್ತು, ಹೆಂಡತಿಯ ದುಂಡನೆಯ ಅಕ್ಷರದಲ್ಲಿ. ಕಿಟಕಿ ಪಕ್ಕದ ಮೇಜು. ಕೊಟ್ಟವರು: ಯಜಮಾನರು. ಪಡೆದವರು: ನಾನು. ಹಿಂದಿರುಗಿಸುವ ದಿನ: ಮೇಲಿನಂತೆ.

ಸಾರ್ ಅದನ್ನು ಎರಡು ಸಲ ಓದಿದರು. ಆಮೇಲೆ ದಾರದಲ್ಲಿ ನೇತಾಡುತ್ತಿದ್ದ ಪೆನ್ನು ಹಿಡಿದು, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ, ಪಕ್ಕದಲ್ಲಿ ಚೊಕ್ಕವಾಗಿ ಸಹಿ ಹಾಕಿದರು.