ಅತ್ತೆಯ ಮಡಿ ಸೀರೆ, ತೇಕ್ಕಡಿಯ ಡೇರೆ

ನಾವು ಎಲ್ಲಿಗೆ ಹೊರಟರೂ ಶ್ರೀಹರಿಯೂ ಒಂದು ಚೀಲ ಹಿಡಿದು ಜೊತೆಗೆ ಹೊರಡುತ್ತಾನೆ ಅಂತ ನನಗನ್ನಿಸುತ್ತದೆ. ಅರ್ಧ ನಮ್ಮನ್ನು ಕಾಯುವುದಕ್ಕೆ, ಅರ್ಧ ತಮಾಷೆ ನೋಡುವುದಕ್ಕೆ.

ಎಪ್ಪತ್ತರ ದಶಕದ ಮಾತು. ನಮ್ಮ ಯಜಮಾನರಿಗೆ ತಿರುವನಂತಪುರದಿಂದ ವರ್ಗವಾಗಿ ಫೋರ್ಟ್ ಕೊಚ್ಚಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಮಗಳಿಗೆ ಕಾಡಾನೆ ನೋಡುವ ಆಸೆ. ತೇಕ್ಕಡಿ ಅಭಯಾರಣ್ಯದಲ್ಲಿ ಒಂದು ರಾತ್ರಿ ತಂಗುವುದೆಂದಾಯಿತು. ಆದರೆ ರಜೆ ಸಿಕ್ಕಿದ್ದು ಏಕಾದಶಿಗೆ. ರಜೆ ಕೊಡುವ ಸಾಹೇಬರು ಪಂಚಾಂಗ ನೋಡುವುದಿಲ್ಲವಲ್ಲ.

ಅತ್ತೆಯದು ನೀರೂ ಮುಟ್ಟದ ಏಕಾದಶಿ. ಮರುದಿನ ದ್ವಾದಶಿ, ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಪಾರಣೆಯ ಊಟ ಆಗಬೇಕು, ತಪ್ಪಿದರೆ ಉಪವಾಸದ ಫಲವೇ ಇಲ್ಲ. ಅದೂ ಮಡಿ ಉಟ್ಟು, ತಾವೇ ಬೇಯಿಸಿಕೊಂಡು. ಮಡಿ ಕೆಟ್ಟರೆ ಆ ದಿನವೂ ಊಟವಿಲ್ಲ. ಅವರು ನ್ಯುಮೋನಿಯಾದಿಂದ ಆಗಷ್ಟೇ ಎದ್ದಿದ್ದರು. ಒಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ, ಇನ್ನೊಂದು ದಿನ ಉಪವಾಸ ಕೆಡವುವಂತೆಯೂ ಇರಲಿಲ್ಲ. ದಾರಿಯುದ್ದಕ್ಕೂ ನಾನು ರಾಯರನ್ನು ನೆನೆಯುತ್ತಲೇ ಇದ್ದೆ.

೧. ತಂಗುವ ಜಾಗ

ಅಲ್ಲಿನ ಫಾರೆಸ್ಟ್ ಗಾರ್ಡು ಕಾಸರಗೋಡಿನ ಕಡೆಯವರು, ಕನ್ನಡ ಬರುತ್ತಿತ್ತು. "ಮೂರು ಉಂಟು, ಬಂಗಲೆ, ಕಾವಲು ಗೋಪುರ, ಡೇರೆ" ಎಂದರು.

"ಬಂಗಲೆಯ ಅಡುಗೆಮನೆಯಲ್ಲಿ ಏನು ಮಾಡ್ತಾರಪ್ಪ?" ಅತ್ತೆ ಕೇಳಿದರು.

"ಒಳ್ಳೆಯ ಮೀನ್ ಕರಿ ಅಮ್ಮ."

ಬಂಗಲೆ ಹೋಯಿತು. ಗೋಪುರ ಮರದ್ದು, ಮೇಲೆ ಒಲೆ ಹಚ್ಚುವಂತಿಲ್ಲ. ಅದೂ ಹೋಯಿತು. ಉಳಿದದ್ದು ಕೆರೆಯ ದಂಡೆಯ ಡೇರೆ.

"ನೆಲ ಸಾರಿಸಬೇಕು, ಸಗಣಿ ಸಿಗುತ್ತಾ?"

"ಆನೆಯದ್ದು ಬೇಕಾದಷ್ಟುಂಟು."

ಅತ್ತೆ ಒಂದು ಕ್ಷಣ ಯೋಚಿಸಿದರು. "ಹುಲ್ಲು ತಿನ್ನೋ ಪ್ರಾಣಿಯೇ, ಸರಿ. ಆದರೂ ಶಾಸ್ತ್ರದಲ್ಲಿ ಹಸು ಅಂತಲೇ ಇದೆ" ಎಂದು ಚೀಲದಿಂದ ಬಿಸ್ಕತ್ತಿನ ಡಬ್ಬ ತೆಗೆದರು. ಕೊಚ್ಚಿಯಿಂದಲೇ ತುಂಬಿಸಿ ತಂದ ಹಸುವಿನ ಸಗಣಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಯಾರಿಗೂ ಕೊಡದೆ ಎದೆಗವಚಿಕೊಂಡು ಬಂದವಳು ನನ್ನ ಮಗಳು.

೨. ಸೀರೆ ಒಣಗಿದ್ದು

ಸಂಜೆ ಅತ್ತೆ ತಂದಿದ್ದ ಒಂದೇ ಮಡಿ ಸೀರೆಯನ್ನು ತಾವೇ ಹಿಂಡಿ, ಎರಡು ಮರಗಳ ನಡುವೆ ಎತ್ತರದಲ್ಲಿ ಕಟ್ಟಿಸಿದ ಬಿದಿರಿನ ಮೇಲೆ ಕೋಲಿನಿಂದ ಹರವಿದರು. ಬೆಳಿಗ್ಗೆವರೆಗೆ ಹೆತ್ತ ಮಗನೂ ಮುಟ್ಟಬಾರದು. ಒದ್ದೆಯದನ್ನು ಉಡಕೂಡದೆಂದು ಡಾಕ್ಟರರ ಕಟ್ಟಪ್ಪಣೆ ಬೇರೆ.

ಗಾರ್ಡು ಕತ್ತೆತ್ತಿ ನೋಡಿದರು. "ಇದು ಆನೆ ನೀರಿಗೆ ಬರುವ ದಾರಿ ಅಮ್ಮ."

"ಬರಲಿ. ಮುಟ್ಟಬೇಡ ಅಂತ ಹೇಳಿಬಿಡಿ."

"ಹೇಳ್ತೇನೆ. ನಮ್ಮ ಮಾತು ಮೇಲಿನವರೇ ಕೇಳುವುದಿಲ್ಲ."

೩. ದ್ವಾದಶಿ

ನಸುಕಿನಲ್ಲಿ ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿಟ್ಟು ಡೇರೆಯ ಬಾಗಿಲು ಸರಿಸಿದೆ. ಬಿದಿರಿನ ಕೆಳಗೆ ಆನೆ ನಿಂತಿತ್ತು. ಮೈಯಿಂದ ನೀರು ಸುರಿಯುತ್ತಿತ್ತು. ಸೊಂಡಿಲೆತ್ತಿ ಸೀರೆಯ ಸೆರಗನ್ನು ಹಿಡಿದು, ಮೂಸಿ, ಎಳೆದು, ತನ್ನ ನೆತ್ತಿಯ ಮೇಲೆ ಹಾಕಿಕೊಂಡಿತು.

"ಅಚ್ಛಾ, ಆನ" ಎಂದು ಮಗಳು ಮಲಯಾಳದಲ್ಲೇ ಅಪ್ಪನನ್ನು ಕರೆದು ಅಲುಗಿಸಿ ಎಬ್ಬಿಸಿದಳು. ನಾವು ನಾಲ್ವರೂ ಡೇರೆಯ ಸಂದಿಯಿಂದ ನೋಡಿದೆವು. ಸೆರಗು ಹೊದ್ದ ಆನೆ ಮುತ್ತೈದೆಯ ಹಾಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಬೇಸರ ಬಂದು ಸೀರೆಯನ್ನು ಪೊದೆಯ ಮೇಲೆ ಎಸೆದು ಹೋಯಿತು.

ಆಗಲೇ ಆಕಾಶ ಕೆಂಪಾಗುತ್ತಿತ್ತು. ಅತ್ತೆ ತುಟಿ ಒಣಗಿಸಿಕೊಂಡು ಕುಳಿತಿದ್ದರು. ಯಜಮಾನರು ಮೆಲ್ಲಗೆ, "ಅಮ್ಮ, ಮುಟ್ಟಿದ್ದು ಸಾಕ್ಷಾತ್ ಗಣಪತಿ. ದೋಷ ಎಲ್ಲಿಂದ ಬಂತು?" ಎಂದರು.

"ಗಣಪತಿಯೇ ಕಣೋ, ನಾನೇನು ಅಲ್ಲ ಅಂದೆನೆ? ಸ್ನಾನ ಆಗಿದೆಯೋ ಇಲ್ಲವೋ, ಅದು ಹೇಳು."

ಅಷ್ಟರಲ್ಲಿ ಗಾರ್ಡು ಬಂದರು, ಒದ್ದೆ ಮುಂಡು ಪಂಚೆಯಲ್ಲೇ. "ಆಗಿದೆ ಅಮ್ಮ, ಮುಳುಗಿ ಎದ್ದು ನೇರ ಇಲ್ಲಿಗೇ ಬಂದದ್ದು."

"ನಿನಗೆ ಹೇಗೆ ಗೊತ್ತಪ್ಪ?"

"ನಾನೂ ಅಲ್ಲೇ ಸ್ನಾನ ಮಾಡ್ತಿದ್ದೆ. ಅದು ಇಳಿಯಿತು, ನಾನು ಹತ್ತಿದೆ."

ಅತ್ತೆ ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದು, "ಹಾಗಾದರೆ ಮಡಿಯಲ್ಲೇ ಇದೆ. ಕೋಲಿನಲ್ಲಿ ಎತ್ತಿ ತಾರಪ್ಪ, ನಿನ್ನದೂ ಸ್ನಾನ ಆಗಿದೆಯಲ್ಲ" ಎಂದು ಗಾರ್ಡಿಗೆ ಹೇಳಿದರು.

ಆಮೇಲೆ ಎಲ್ಲ ಚಕಚಕ ನಡೆಯಿತು. ಅತ್ತೆ ಮಿಂದು, ಆನೆಯ ನೆತ್ತಿ ತಾಗಿ ಒದ್ದೆಯಾದ ಸೆರಗನ್ನು ಒಲೆಯ ಬಿಸಿಗೆ ಒಣಗಿಸಿ, ಸೀರೆ ಉಟ್ಟು, ಮೂರು ಕಲ್ಲಿನ ಒಲೆಯ ಮೇಲೆ ಅನ್ನ, ತೊವ್ವೆ ಇಳಿಸಿದರು. ದ್ವಾದಶಿಗೆ ಅತಿಥಿ ಬೇಕೆಂದು ಗಾರ್ಡಿಗೇ ಮೊದಲು ಎಲೆ ಹಾಕಿ ಬಡಿಸಿದರು. ಬಿಸಿಲು ಡೇರೆಗೆ ಬೀಳುವ ಮುಂಚೆ ತಾವೂ ತುತ್ತೆತ್ತಿದರು. ನನಗೆ ಕಣ್ಣಲ್ಲಿ ನೀರೇ ಬಂತು.

ತುಪ್ಪದ ವಾಸನೆಗೆ ಯಜಮಾನರು ರಗ್ಗು ಹೊದ್ದುಕೊಂಡೇ ಬಂದು ಇನ್ನೊಂದು ಎಲೆ ಹಾಕಿಕೊಂಡು ಕುಳಿತರು.

ಅತ್ತೆ ತಲೆ ಎತ್ತದೆ ಹೇಳಿದರು: "ಏಳೋ. ಸ್ನಾನ ಮಾಡಿ ಬಾ. ಆನೆಗಿರುವ ಆಚಾರವೂ ನಿನಗೆ ಬೇಡವೇ?"